ಗದರುವವರಿಲ್ಲದ ಅಂಗಡಿ: ಸೂಪರ್‌ಮಾರ್ಕೆಟ್ಟಿನಲ್ಲಿ ಆಹಾರ ಕೆಡಿಸದೆ ಸಾಮಾನು ಕೊಳ್ಳುವ ಬಗೆ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬೆಂಡೆಕಾಯಿಯ ತುದಿಯನ್ನು ಮುರಿದು ನೋಡಿ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಂಗಡಿಯಾಕೆ ಗದರಿರುತ್ತಾಳೆ. ಮುರಿದದ್ದನ್ನು ನಿಮ್ಮ ಪಾಲಿಗೇ ಹಾಕಿ, ತೂಗಿ, ದುಡ್ಡು ಎಣಿಸಿಕೊಂಡ ಮೇಲೆಯೇ ಅವಳ ಮುಖ ಸಡಿಲವಾಗುವುದು. ಅದೇ ಬೆಂಡೆಕಾಯಿಯನ್ನು ಸೂಪರ್‌ಮಾರ್ಕೆಟ್ಟಿನಲ್ಲಿ ಮುರಿದರೆ ಯಾರೂ ಏನೂ ಅನ್ನುವುದಿಲ್ಲ. ಸಮವಸ್ತ್ರ ತೊಟ್ಟ ಹುಡುಗ ನೋಡಿಯೂ ನೋಡದವನಂತೆ ಆ ಕಡೆ ತಿರುಗಿಕೊಳ್ಳುತ್ತಾನೆ. ಗ್ರಾಹಕರ ಎದುರು ದನಿ ಏರಿಸಬಾರದೆಂದು ಕೆಲಸಕ್ಕೆ ಸೇರಿದ ದಿನವೇ ಅವನಿಗೆ ಹೇಳಿರುತ್ತಾರೆ.

ಹಾಗೆ ತಿರುಗಿಕೊಳ್ಳುತ್ತಿದ್ದವರಲ್ಲಿ ನಾನೂ ಒಬ್ಬ. ಒಂದು ಸೂಪರ್‌ಮಾರ್ಕೆಟ್ಟಿನ ತರಕಾರಿ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ರಾತ್ರಿ ಬಾಗಿಲು ಹಾಕುವ ಮುನ್ನ, ಇನ್ನು ಮಾರಾಟವಾಗದು ಎಂದು ತೋರಿದ್ದನ್ನೆಲ್ಲ ಆರಿಸಿ ಕ್ರೇಟಿಗೆ ತುಂಬಿ, ತೂಕ ಹಾಕಿ, ಪುಸ್ತಕದಲ್ಲಿ ಬರೆದು ಹಿಂಬಾಗಿಲಿಗೆ ಸಾಗಿಸಬೇಕಿತ್ತು. ಆ ಕಸುಬಿನಲ್ಲಿ ಇದಕ್ಕೆ ‘ಡಂಪ್’ ಎಂದು ಹೆಸರು. ಡಂಪಿನ ಕ್ರೇಟಿನಲ್ಲಿ ತಾನಾಗಿ ಕೊಳೆತದ್ದು ಇರುತ್ತಿತ್ತು, ನಿಜ. ಆದರೆ ಅದರ ಪಕ್ಕದಲ್ಲೇ ಉಗುರಿನ ಗುರುತು ಬಿದ್ದ ಸೋರೆಕಾಯಿ, ಹೆಬ್ಬೆರಳು ಒತ್ತಿದ ಜಾಗದಲ್ಲಿ ನೀರಾಡಿದ ಟೊಮೆಟೊ, ಚಿಪ್ಪಿನಿಂದ ಕಿತ್ತು ಬಿಸಾಡಿದ ಬಾಳೆಹಣ್ಣು ಇರುತ್ತಿದ್ದವು. ಬೆಳಿಗ್ಗೆ ನಾನೇ ಜೋಡಿಸಿಟ್ಟಾಗ ಇವೆಲ್ಲ ಚೆನ್ನಾಗಿಯೇ ಇದ್ದವು.

ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗ್ರಾಹಕರ ಮೇಲೆಯೇ ಎಲ್ಲ ತಪ್ಪು ಹೊರಿಸಿದಂತಾಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್. ಸಿಪ್ಪೆ, ಮೂಳೆಗಳೂ ಸೇರಿದ ಲೆಕ್ಕ ಇದು. ಅದರಲ್ಲಿ ಅಂಗಡಿಗಳ ಪಾಲು ಶೇ 12ರಷ್ಟು, ಹೋಟೆಲು ಮುಂತಾದವುಗಳದು ಶೇ 28, ಮನೆಗಳದು ಶೇ 60. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೊ ಎಂದು ಅದೇ ವರದಿ ಅಂದಾಜು ಮಾಡಿದೆ. ಅಂಗಡಿಯ ಶೇ 12ರಲ್ಲಿ ಮಾಲೀಕರ ಅತಿಯಾಸೆಯೂ ಇದೆ. ತಟ್ಟೆ ತುಂಬಿ ತುಳುಕುತ್ತಿದ್ದರೆ ಮಾತ್ರ ಜನ ಕೊಳ್ಳುತ್ತಾರೆಂದು ಅಗತ್ಯಕ್ಕಿಂತ ಹೆಚ್ಚು ತರಿಸಿ ರಾಶಿ ಹಾಕುವುದು ಅವರೇ. ಆದರೆ ಕೊನೆಯ ನಾಲ್ಕು ಕ್ಯಾರೆಟ್ ಉಳಿದಿರುವ ತಟ್ಟೆಗೆ ನಾವು ಎಂದಾದರೂ ಕೈ ಹಾಕಿದ್ದೇವೆಯೆ?

ಮಾಲೀಕರ ವಿಷಯ ಮತ್ತೆಂದಾದರೂ ನೋಡೋಣ. ಇಲ್ಲಿರುವುದು ಮನೆಯಿಂದ ಹೊರಟು ಮನೆಗೆ ಮರಳುವವರೆಗೆ ನಿಮ್ಮ ಕೈಯಲ್ಲಿರುವ ಕೆಲಸಗಳು.

1. ಹೊರಡುವ ಮುನ್ನ ಫ್ರಿಜ್ ತೆರೆಯಿರಿ

ಪಟ್ಟಿ ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಏನು ಬೇಕು ಎನ್ನುವ ಪಟ್ಟಿಗಿಂತ ಏನಿದೆ ಎನ್ನುವ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬರೆಯಲು ಬೇಸರವೆಂದರೆ ಫ್ರಿಜ್ಜಿನ ಬಾಗಿಲು ತೆರೆದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ತರಕಾರಿ ಡಬ್ಬಿಯದ್ದು ಇನ್ನೊಂದು. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಮುಂದೆ ನಿಂತು ಮನೆಗೆ ಫೋನು ಮಾಡಿ, ಮನೆಯವರು ಅಡುಗೆಮನೆಗೆ ಹೋಗಿ ನೋಡಿಬರುವವರೆಗೆ ದಾರಿಗೆ ಅಡ್ಡ ನಿಲ್ಲುವ ಪ್ರಮೇಯವೂ ತಪ್ಪುತ್ತದೆ.

ಹಸಿದು ಹೋಗಬೇಡಿ. ಒಂದು ಲೋಟ ಕಾಫಿ, ಎರಡು ಇಡ್ಲಿಯಾದರೂ ಹೊಟ್ಟೆಯಲ್ಲಿರಲಿ.

2. ದಾರಿಯನ್ನು ನೀವೇ ಆರಿಸಿಕೊಳ್ಳಿ

ಅಂಗಡಿಯವರು ತಮ್ಮ ವ್ಯಾಪಾರಕ್ಕೆ ಅನುಕೂಲವಾಗುವಂತೆ ಕಪಾಟು ಜೋಡಿಸಿರುತ್ತಾರೆ. ನೀವು ಅದೇ ಕ್ರಮದಲ್ಲಿ ನಡೆಯಬೇಕೆಂದಿಲ್ಲ. ಮೊದಲು ಸೋಪು, ಬೇಳೆ, ಅಕ್ಕಿ, ಎಣ್ಣೆ. ಆಮೇಲೆ ತರಕಾರಿ, ಹಣ್ಣು. ಹಾಲು, ಮೊಸರು, ಪನೀರ್, ಮಾಂಸ ಅದಾದ ಮೇಲೆ. ಹೆಪ್ಪುಗಟ್ಟಿಸಿದ ಬಟಾಣಿ ಮತ್ತು ಐಸ್‌ಕ್ರೀಮ್ ಎಲ್ಲಕ್ಕಿಂತ ಕೊನೆಗೆ, ಬಿಲ್ಲಿನ ಸಾಲಿಗೆ ನಿಲ್ಲುವ ಮುನ್ನ.

ಕಾರಣ ಸರಳ. ಐಸ್‌ಕ್ರೀಮ್ ಪೆಟ್ಟಿಗೆ ಮೈನಸ್ 18 ಡಿಗ್ರಿಯಲ್ಲಿರಬೇಕು, ಹಾಲಿನ ಕಪಾಟು 5 ಡಿಗ್ರಿಯ ಒಳಗೆ. 5ರಿಂದ 60 ಡಿಗ್ರಿಯವರೆಗಿನ ಉಷ್ಣಾಂಶ ರೋಗಾಣುಗಳಿಗೆ ಹಬ್ಬ. ಟ್ರಾಲಿಯಲ್ಲಿ ಪನೀರ್ ಇಟ್ಟುಕೊಂಡು ನೀವು ಮುಕ್ಕಾಲು ಗಂಟೆ ಶಾಂಪೂ ಆರಿಸುತ್ತ ನಿಂತರೆ ಆ ಪನೀರಿನ ಆಯಸ್ಸನ್ನು ಅಲ್ಲಿಯೇ ತಿಂದಂತೆ. ಮನೆಗೆ ತಂದು ಎರಡನೆಯ ದಿನ ಹುಳಿ ವಾಸನೆ ಬಂದಾಗ ಅಂಗಡಿಯವರನ್ನು ಬೈಯುತ್ತೇವೆ.

ಟ್ರಾಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಸಾಲಿನ ನಡುವೆ ಅಡ್ಡ ನಿಲ್ಲಿಸಿ ಮಾಯವಾಗಬೇಡಿ. ಮಗುವನ್ನು ಕೂರಿಸಲು ಸೀಟು ಇದ್ದರೆ ಅಲ್ಲಿ ಕೂರಿಸಿ, ಸಾಮಾನು ಹಾಕುವ ಜಾಗದಲ್ಲಿ ಬೂಟುಗಾಲಲ್ಲಿ ನಿಲ್ಲಿಸಬೇಡಿ. ಅದೇ ಜಾಗದಲ್ಲಿ ಇನ್ನೊಬ್ಬರು ಸೊಪ್ಪು ಇಡುತ್ತಾರೆ.

3. ತರಕಾರಿ ತಟ್ಟೆಯ ಮುಂದೆ: ಕೈಗಿಂತ ಮೊದಲು ಕಣ್ಣು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಹೆಚ್ಚು ಹಾಳಾಗುವುದು ಇಲ್ಲಿಯೇ. ತೋಟದಿಂದ ಅಂಗಡಿಗೆ ಬರುವ ಹೊತ್ತಿಗೇ ತರಕಾರಿ ಸೊರಗಿರುತ್ತದೆ. ಕೇಂದ್ರ ಸರ್ಕಾರದ ಕೃಷಿ ಸಂಶೋಧನಾ ಮಂಡಳಿಯ ಲೂಧಿಯಾನದ ಸಂಸ್ಥೆ 2015ರಲ್ಲಿ ಕೊಟ್ಟ ವರದಿಯಲ್ಲಿ, ಕೊಯ್ಲು ಮತ್ತು ಅದರ ನಂತರದ ಹಂತಗಳಲ್ಲಿ ಸೀಬೆಹಣ್ಣು ಶೇ 15.88ರಷ್ಟು, ಟೊಮೆಟೊ ಶೇ 12.44ರಷ್ಟು ನಷ್ಟವಾಗುತ್ತದೆ ಎಂದಿದೆ. ಅಷ್ಟೆಲ್ಲ ದಾಟಿ ತಟ್ಟೆಗೆ ಬಂದು ಕೂತದ್ದರ ಮೇಲೆ ನಮ್ಮ ಹೆಬ್ಬೆರಳು ಬೀಳುತ್ತದೆ.

ಬೆಂಡೆಕಾಯಿಯಿಂದಲೇ ಶುರುಮಾಡುತ್ತೇನೆ. ಎಳೆಯದರ ತುದಿ ಟಕ್ಕನೆ ಮುರಿಯುತ್ತದೆ, ಅದು ನಿಮ್ಮ ಚೀಲ ಸೇರುತ್ತದೆ. ತುಸು ಬಲಿತದ್ದು ಹಾಗೆ ಮುರಿಯುವುದಿಲ್ಲ. ಬಾಗಿ, ಅರ್ಧ ಸೀಳಿ, ತುದಿ ನಾರಿನಲ್ಲಿ ಜೋತು ಬೀಳುತ್ತದೆ. ಅದನ್ನು ತಟ್ಟೆಗೆ ಹಿಂದಕ್ಕೆ ಎಸೆಯುತ್ತೇವೆ. ತುಸು ಬಲಿತ ಬೆಂಡೆಕಾಯಿ ಗೊಜ್ಜಿಗೆ, ಹುಳಿಗೆ ಚೆನ್ನಾಗಿಯೇ ಒದಗುತ್ತದೆ, ಆದರೆ ಜೋತುಬಿದ್ದ ತುದಿಯನ್ನು ಕಂಡ ಮೇಲೆ ಮುಂದಿನವರು ಅದನ್ನು ಮುಟ್ಟುವುದಿಲ್ಲ. ಸೀಳಿದ ಜಾಗದಲ್ಲಿ ಸಂಜೆಯ ಹೊತ್ತಿಗೆ ಲೋಳೆ ಒಸರಿ, ಕಪ್ಪಾಗಿ, ಅಕ್ಕಪಕ್ಕದ ಕಾಯಿಗಳಿಗೂ ಅಂಟಿಕೊಳ್ಳುತ್ತದೆ. ಶನಿವಾರ, ಭಾನುವಾರಗಳ ರಾತ್ರಿ ಬೆಂಡೆಕಾಯಿಯ ತಟ್ಟೆಯ ತಳದಲ್ಲಿ ಬರೀ ತುದಿಗಳೇ ಒಂದು ಹಿಡಿ ಸಿಗುತ್ತಿದ್ದವು. ಪೆನ್ಸಿಲ್ ಚೂಪು ಮಾಡಿದ ಕಸದ ಹಾಗೆ ಅವನ್ನು ಬಾಚಿ ತೆಗೆಯುತ್ತಿದ್ದೆ.

ಮುರಿಯದೆ ಎಳೆಯದನ್ನು ಗುರುತಿಸಬಹುದು. ನಿಮ್ಮ ತೋರುಬೆರಳಿಗಿಂತ ಉದ್ದವಾದದ್ದು ಬೇಡ. ಬಣ್ಣ ತಿಳಿ ಹಸಿರಾಗಿ, ಮೈಮೇಲೆ ನವಿರು ಕೂದಲಿದ್ದರೆ ಎಳೆಯದು. ಒಳಗಿನ ಬೀಜ ಉಬ್ಬಿ ಹೊರಗೆ ಗಂಟುಗಂಟಾಗಿ ಕಾಣುತ್ತಿದ್ದರೆ ಬಲಿತಿದೆ. ಎರಡು ಬೆರಳಿನ ನಡುವೆ ಹಿಡಿದರೆ ಬಲಿತದ್ದು ಕಡ್ಡಿಯಂತೆ ಗಡುಸಾಗಿರುತ್ತದೆ. ನನ್ನ ಅಮ್ಮನಿಗೆ ಇದೆಲ್ಲ ಹೇಳಿ ಸೋತಿದ್ದೇನೆ, ಆಕೆ ಈಗಲೂ ಮುರಿಯುತ್ತಾಳೆ. ಆದರೆ ಮುರಿದದ್ದನ್ನೆಲ್ಲ ಎಳೆಯದಿರಲಿ ಬಲಿತದ್ದಿರಲಿ ತಾನೇ ಕೊಳ್ಳುತ್ತಾಳೆ. ಮುರಿಯಲೇಬೇಕೆಂದಿದ್ದರೆ ಈ ನಿಯಮ ಇಟ್ಟುಕೊಳ್ಳಿ.

ಸೋರೆಕಾಯಿಗೆ ಉಗುರು ಚುಚ್ಚುವುದು ಇದರ ಅಕ್ಕ. ಒಂದೊಂದು ಸೋರೆಕಾಯಿಯ ಮೇಲೆ ಏಳೆಂಟು ಅರ್ಧಚಂದ್ರಗಳನ್ನು ನೋಡಿದ್ದೇನೆ, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ ಹಾಗೆ. ಮೊದಲನೆಯ ಉಗುರಿನ ಗುರುತೇ ಎಳೆಯದೆಂದು ಹೇಳಿದ್ದರೂ ಎರಡನೆಯವರು ತಾವೂ ಚುಚ್ಚದೆ ಬಿಡುವುದಿಲ್ಲ. ತಿಳಿ ಹಸಿರು ಮೈ, ಮಧ್ಯಮ ಗಾತ್ರ, ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ಭಾರ, ಒಣಗದ ತೊಟ್ಟು ಇಷ್ಟನ್ನು ನೋಡಿದರೆ ಸಾಕು.

ಟೊಮೆಟೊ ಒತ್ತಬೇಡಿ. ಇವತ್ತಿನ ಸಾರಿಗೆ ಕೆಂಪಾಗಿ ಮಾಗಿದ್ದನ್ನೂ, ನಾಲ್ಕು ದಿನದ ನಂತರಕ್ಕೆ ಭುಜದ ಬಳಿ ಹಸಿರು ಉಳಿದಿರುವುದನ್ನೂ ಬೆರೆಸಿ ತೆಗೆದುಕೊಳ್ಳಿ. ಎಲ್ಲವೂ ಒಂದೇ ಹದದಲ್ಲಿರಬೇಕೆಂದು ಹಟ ಹಿಡಿದರೆ ಎಲ್ಲವೂ ಒಂದೇ ದಿನ ಕೊಳೆಯುತ್ತವೆ.

ಮುಸುಕಿನ ಜೋಳಕ್ಕೆ ಆ ಹೆಸರು ಬಂದದ್ದೇ ಮುಸುಕಿನಿಂದ. ಅದನ್ನು ಎಳೆದು ನೋಡಿ ಬಿಟ್ಟುಹೋದ ತೆನೆಯ ಕಾಳು ಬೇಗ ಒಣಗುತ್ತದೆ, ಸಿಹಿ ಕಳೆದುಕೊಳ್ಳುತ್ತದೆ. ಹೊರಗಿನಿಂದಲೇ ಬೆರಳಾಡಿಸಿದರೆ ಕಾಳು ತುಂಬಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸಿಪ್ಪೆ ಹಸಿರಾಗಿ, ಜುಂಜು ಕಂದಾಗಿದ್ದರೆ ತೆಗೆದುಕೊಳ್ಳಿ. ಹೂಕೋಸಿನ ಎಲೆಗಳನ್ನು ತೂಕ ಕಡಿಮೆಯಾಗಲೆಂದು ಅಲ್ಲಿಯೇ ಕಿತ್ತುಹಾಕುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತಿತ್ತು, ಅವರು ಉಳಿಸುತ್ತಿದ್ದದ್ದು ಎರಡು ಮೂರು ರೂಪಾಯಿ. ಹೂವಿಗೆ ಪೆಟ್ಟಾಗದಂತೆ ಕಾಯುವುದು ಆ ಎಲೆಗಳೇ. ಎಳೆಯ ಎಲೆಗಳನ್ನು ಹೆಚ್ಚಿ ಪಲ್ಯಕ್ಕೂ ಹಾಕಬಹುದು.

ತೆಂಗಿನಕಾಯಿಯ ವಿಷಯದಲ್ಲಿ ಮಾತ್ರ ನಿಮಗೆ ಪೂರ್ಣ ಸ್ವಾತಂತ್ರ್ಯ. ಅಲ್ಲಾಡಿಸಿ, ಕಿವಿಗಿಟ್ಟುಕೊಳ್ಳಿ, ಬೆರಳಿನಿಂದ ತಟ್ಟಿ, ಅದಕ್ಕೇನೂ ಆಗುವುದಿಲ್ಲ. ಜುಟ್ಟನ್ನು ಮಾತ್ರ ಕೀಳಬೇಡಿ. ಜುಟ್ಟು ಹೋದರೆ ಕಣ್ಣು ತೆರೆದುಕೊಂಡು ಕಾಯಿ ಬೇಗ ಕೆಡುತ್ತದೆ, ಜುಟ್ಟಿಲ್ಲದ ಕಾಯಿ ಪೂಜೆಗೂ ಬರುವುದಿಲ್ಲ.

ಬಾಳೆಹಣ್ಣು: ಚಿಪ್ಪಿನಲ್ಲಿ ಎರಡು ಹಣ್ಣು ಕಪ್ಪಾಗಿವೆ ಎಂದು ಅವನ್ನು ಕಿತ್ತು ಬದಿಗೆ ಹಾಕುತ್ತಾರೆ. ಏಲಕ್ಕಿ ಬಾಳೆ ಮಾಗಿದಾಗ ತಾನಾಗಿಯೂ ಚಿಪ್ಪಿನಿಂದ ಉದುರುತ್ತದೆ. ಹೀಗೆ ಒಂಟಿಯಾದ ಹಣ್ಣುಗಳನ್ನು ಯಾರೂ ಕೊಳ್ಳುವುದಿಲ್ಲ, ಅನಾಥ ಮಕ್ಕಳಂತೆ ತಟ್ಟೆಯ ಮೂಲೆಯಲ್ಲಿ ಕೂತಿರುತ್ತವೆ. ಆ ಹೊತ್ತೇ ತಿನ್ನಲು ಅವಕ್ಕಿಂತ ರುಚಿಯಾದ ಹಣ್ಣು ಅಂಗಡಿಯಲ್ಲಿ ಇನ್ನೊಂದಿಲ್ಲ. ಎರಡು ದಿನಕ್ಕೆ ಒಂದು ಚಿಪ್ಪು ಕಾಯಾದದ್ದು, ಇವತ್ತಿಗೆ ನಾಲ್ಕು ಒಂಟಿ ಹಣ್ಣು ಹೀಗೆ ಕೊಳ್ಳಿ.

ಮಾವು, ಬೆಣ್ಣೆಹಣ್ಣು ಒತ್ತಿದಷ್ಟೂ ಒಳಗೇ ಕಂದುತ್ತವೆ. ಹೊರಗೆ ಆಗ ಏನೂ ಕಾಣುವುದಿಲ್ಲ, ಮನೆಗೆ ಒಯ್ದು ಕತ್ತರಿಸಿದವರಿಗೇ ಅದು ಗೊತ್ತಾಗುವುದು. ಮಾವನ್ನು ತೊಟ್ಟಿನ ಬಳಿ ಮೂಸಿ ನೋಡಿ. ಬೆಣ್ಣೆಹಣ್ಣನ್ನು ಅಂಗೈಯಲ್ಲಿಟ್ಟು ನೋಡಿ, ಅನುಮಾನವಿದ್ದರೆ ಅಲ್ಲಿರುವ ಹುಡುಗನನ್ನು ಕರೆದು, ನಾಳಿದ್ದು ತಿನ್ನಲು ಯಾವುದಾಗುತ್ತದೆ ತಮ್ಮಾ ಎಂದು ಕೇಳಿ. ದಿನವಿಡೀ ಅವನ್ನೇ ಮುಟ್ಟುವವನಿಗೆ ಅದು ತಿಳಿದಿರುತ್ತದೆ. ಕೇಳುವವರು ಕಡಿಮೆ, ಕೇಳಿದರೆ ಖುಷಿಯಿಂದ ಆರಿಸಿಕೊಡುತ್ತಾರೆ.

ದ್ರಾಕ್ಷಿಯ ರುಚಿ ನೋಡುವುದು. ಸಂತೆಯಲ್ಲಿ ಮಾರುವವನೇ ಒಂದು ಹಣ್ಣು ಕಿತ್ತು ಕೈಗಿಡುತ್ತಾನೆ, ಅದು ಅವನ ಹಣ್ಣು, ಅವನ ಔದಾರ್ಯ. ಇಲ್ಲಿ ಕೇಳದೆ ಕೀಳಬೇಡಿ, ಕಿತ್ತ ಜಾಗದಲ್ಲಿ ರಸ ಒಸರಿ ಇಡೀ ಗೊಂಚಲು ಬೂಸಲು ಹಿಡಿಯುತ್ತದೆ. ಇನ್ನೊಂದು ಮಾತು, ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಸುರುಳಿಯಿಂದ ಹರಿದ ಪ್ಲಾಸ್ಟಿಕ್ ಚೀಲದ ಬಾಯಿ ಬಿಡಿಸಲು ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಅದೇ ಕೈಯನ್ನು ಬೀನ್ಸ್ ರಾಶಿಗೆ ಹಾಕಬೇಡಿ. ಪಕ್ಕದಲ್ಲಿ ಒದ್ದೆಯಾದ ಸೊಪ್ಪಿನ ಕಟ್ಟು ಇರುತ್ತದೆ, ಅದನ್ನು ಮುಟ್ಟಿ ಬಿಡಿಸಿದರೂ ಚೀಲ ತೆರೆಯುತ್ತದೆ. ಮನೆಯಿಂದ ಬಟ್ಟೆಯ ಚೀಲ ತಂದರೆ ಈ ತಾಪತ್ರಯವೇ ಇಲ್ಲ.

4. ಹಿಂದಿನ ಸಾಲಿಗೆ ಕೈ ಚಾಚುವ ಮುನ್ನ

ಮೊದಲು ಬಂದದ್ದು ಮೊದಲು ಹೋಗಲಿ ಎಂಬುದು ಅಂಗಡಿಯ ನಿಯಮ. ಹಾಗಾಗಿ ಹಳೆಯ ದಿನಾಂಕದ ಹಾಲು, ಬ್ರೆಡ್ಡು ಮುಂದಿನ ಸಾಲಿನಲ್ಲಿ, ಹೊಸದು ಹಿಂದೆ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು, ಆದ್ದರಿಂದ ಎಲ್ಲರ ಕೈಯೂ ಮೊಣಕೈವರೆಗೆ ಹಿಂದಕ್ಕೆ ಹೋಗುತ್ತದೆ. ಮುಂದಿನ ಬ್ರೆಡ್ಡು ಜಜ್ಜಿಹೋಗುತ್ತದೆ, ಮೊಸರಿನ ಡಬ್ಬಿ ಅಡ್ಡ ಬೀಳುತ್ತದೆ.

ಹಿಂದಿನದನ್ನು ತೆಗೆಯುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಹತ್ತು ದಿನ ಇಟ್ಟುಕೊಳ್ಳಬೇಕಾದ ಬೆಣ್ಣೆಗೆ ದೂರದ ದಿನಾಂಕ ಹುಡುಕುವುದು ನ್ಯಾಯವೇ. ಪ್ರಶ್ನೆ ಇಷ್ಟೇ: ನೀವು ಅದನ್ನು ಎಂದು ತಿನ್ನುತ್ತೀರಿ? ಸಂಜೆಯ ಕಾಫಿಗೆ ಒಂದು ಲೀಟರ್ ಹಾಲು ಒಯ್ಯುವವರಿಗೆ, ಉಳಿದದ್ದಕ್ಕೆ ರಾತ್ರಿ ಹೆಪ್ಪು ಹಾಕುವವರಿಗೆ, ನಾಳೆಯ ದಿನಾಂಕದ ನಂದಿನಿ ಪ್ಯಾಕೆಟ್ಟಿಗೂ ನಾಳಿದ್ದಿನದಕ್ಕೂ ಏನು ವ್ಯತ್ಯಾಸ? ಅಡುಗೆಯ ದಿನಕ್ಕೆ ಹೊಂದುವ ದಿನಾಂಕ ಆರಿಸಿ. ಹಿಂದಿನದನ್ನು ತೆಗೆದರೆ ಮುಂದಿನವನ್ನು ಮತ್ತೆ ಸಾಲಾಗಿ ನಿಲ್ಲಿಸಿ.

ದಿನಾಂಕದ ಭಾಷೆಯನ್ನೂ ತಿಳಿದಿರಬೇಕು. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದಿದ್ದರೆ ಅದು ಸುರಕ್ಷತೆಯ ಗಡಿ. ಅದು ದಾಟಿದ್ದನ್ನು ಮಾರಲೂಬಾರದು, ತಿನ್ನಲೂಬಾರದು. ಕಪಾಟಿನಲ್ಲಿ ಕಂಡರೆ ಸಿಬ್ಬಂದಿಯ ಕೈಗೆ ಕೊಡಿ. ‘ಬೆಸ್ಟ್ ಬಿಫೋರ್’ ಎಂದಿದ್ದರೆ ಅದು ರುಚಿ, ಗರಿಗರಿತನಗಳ ಮಾತು. ಆ ದಿನ ಕಳೆದೊಡನೆ ಬಿಸ್ಕತ್ತು ವಿಷವಾಗುವುದಿಲ್ಲ, ಮೆತ್ತಗಾಗಬಹುದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳಲ್ಲಿ, ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕದ ಜೊತೆಗೆ ಯೂಸ್ ಬೈ ಅಥವಾ ಎಕ್ಸ್‌ಪೈರಿ ದಿನಾಂಕವನ್ನು ಕಡ್ಡಾಯ ಮಾಡಲಾಗಿದೆ. ಬೆಸ್ಟ್ ಬಿಫೋರ್ ಎಂಬುದು ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದಾದದ್ದು. ಮನೆಯಲ್ಲಿ ಎರಡನ್ನೂ ಒಂದೇ ಎಂದು ತಿಳಿದು ಬಿಸಾಡುವವರು ಬಹಳ.

ಮೊಟ್ಟೆಯ ಪೆಟ್ಟಿಗೆ ತೆರೆದು ಒಡೆದಿದೆಯೇ ಎಂದು ನೋಡುವುದು ಸರಿ. ಆದರೆ ಒಡೆದ ಒಂದನ್ನು ಪಕ್ಕದ ಪೆಟ್ಟಿಗೆಗೆ ಸೇರಿಸಿ ಅದರಿಂದ ಒಳ್ಳೆಯದನ್ನು ಎತ್ತಿಕೊಳ್ಳುವುದು ಸರಿಯಲ್ಲ. ಎರಡು ಪೆಟ್ಟಿಗೆಗಳ ದಿನಾಂಕ ಬೇರೆಯಾಗಿರಬಹುದು. ನೀವು ಹಾಗೆ ಮಾಡಿದರೆ ಇನ್ನೊಂದು ಪೆಟ್ಟಿಗೆಯ ಮೇಲಿನ ದಿನಾಂಕಕ್ಕೆ ಅರ್ಥವೇ ಉಳಿಯುವುದಿಲ್ಲ. ಒಡೆದದ್ದನ್ನು ಹಾಗೆಯೇ ಸಿಬ್ಬಂದಿಗೆ ತೋರಿಸಿ.

5. ಬೇಡವೆನಿಸಿದರೆ ಬಾಯಿಬಿಟ್ಟು ಹೇಳಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ.

ಒಮ್ಮೆ ಗೋಧಿಹಿಟ್ಟಿನ ಕಪಾಟಿನ ಕಡೆಯಿಂದ ಏನೋ ವಾಸನೆ. ಮೊದಲು ಇಲಿ ಸತ್ತಿದೆಯೆಂದೇ ಎಲ್ಲರೂ ತಿಳಿದರು. ಐದು ಕಿಲೊದ ಚೀಲಗಳನ್ನು ಒಂದೊಂದಾಗಿ ಇಳಿಸಿದಾಗ ಹಿಂದೆ ಎರಡು ಪನೀರ್ ಪ್ಯಾಕೆಟ್ ಸಿಕ್ಕವು. ದಿಂಬಿನಂತೆ ಉಬ್ಬಿದ್ದವು, ಒಂದರ ಅಂಚು ಬಿಟ್ಟುಕೊಂಡು ಕೆಳಗಿನ ಚೀಲಕ್ಕೆ ನೀರು ಇಳಿದಿತ್ತು. ಆ ಚೀಲದ ಹಿಟ್ಟೂ ಡಂಪಿಗೇ ಹೋಯಿತು. ಯಾರೋ ಪನೀರ್ ಬೇಡವೆಂದು ತೀರ್ಮಾನಿಸಿದ್ದರು, ಹಾಲಿನ ಕಪಾಟಿನವರೆಗೆ ವಾಪಸು ನಡೆಯಲು ಮನಸ್ಸಾಗಲಿಲ್ಲ, ಕಣ್ಣಿಗೆ ಬೀಳುವಂತೆ ಇಡಲು ನಾಚಿಕೆಯಾಯಿತು, ಬಚ್ಚಿಟ್ಟರು.

ಆ ನಾಚಿಕೆ ನನಗೆ ಅರ್ಥವಾಗುತ್ತದೆ. ಲೆಕ್ಕ ಹಾಕುತ್ತ ಹಾಕುತ್ತ ಕೈಯಲ್ಲಿರುವ ದುಡ್ಡು ಸಾಲದೆಂದು ಹೊಳೆದಾಗ, ಹಿಂದೆ ಸಾಲು ನಿಂತಿರುವಾಗ, ಇದು ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಆದರೆ ಬಿಲ್ ಹಾಕುವವರಿಗೆ ಅದು ದಿನಕ್ಕೆ ಹತ್ತಾರು ಸಲ ಕೇಳುವ ಮಾತು, ಅವರ ಪಕ್ಕದಲ್ಲಿ ಅದಕ್ಕೆಂದೇ ಒಂದು ಬುಟ್ಟಿ ಇರುತ್ತದೆ. ಅಕ್ಕಾ, ಇದು ಬೇಡ, ತಣ್ಣಗಿನ ಕಪಾಟಿನದು, ಬೇಗ ಒಳಗಿಡಿಸಿ ಎಂದು ಕೈಗೆ ಕೊಟ್ಟರೆ ಐದು ನಿಮಿಷದಲ್ಲಿ ಅದು ತನ್ನ ಜಾಗ ಸೇರಬಹುದು. ಬಿಸ್ಕತ್ತಿನ ಸಾಲಿನಲ್ಲಿ ಬಿಟ್ಟುಹೋದದ್ದನ್ನು ಹಾಗೆ ಸೇರಿಸುವಂತಿಲ್ಲ. ಅದು ಎಷ್ಟು ಹೊತ್ತಿನಿಂದ ಹೊರಗಿದೆ, ಐದು ನಿಮಿಷವೋ ಮೂರು ಗಂಟೆಯೋ, ಹೇಳುವವರಿಲ್ಲ. ಮುಟ್ಟಿದರೆ ತಣ್ಣಗಿದೆ ಎನಿಸಿದರೂ ಅದನ್ನು ಮತ್ತೆ ಮಾರಲು ಜವಾಬ್ದಾರಿಯುಳ್ಳ ಯಾವ ಅಂಗಡಿಯೂ ಒಪ್ಪುವುದಿಲ್ಲ. ಹಾಲು, ಮೊಸರು, ಪನೀರ್, ಮಾಂಸ, ಮೀನು, ಐಸ್‌ಕ್ರೀಮ್ ಎಲ್ಲಕ್ಕೂ ಇದೇ ಗತಿ. ಐಸ್‌ಕ್ರೀಮಂತೂ ಕರಗಿ ಮತ್ತೆ ಗಟ್ಟಿಯಾದರೆ ಒಳಗೆ ಮರಳಿನಂತೆ ಹರಳು ಕಟ್ಟುತ್ತದೆ.

ಬೇಳೆ, ಸೋಪಿನ ವಿಷಯ ಬೇರೆ. ತಪ್ಪು ಜಾಗದಲ್ಲಿಟ್ಟರೆ ಹುಡುಗರಿಗೆ ಕೆಲಸ ಹೆಚ್ಚುತ್ತದೆ, ಪದಾರ್ಥ ಕೆಡುವುದಿಲ್ಲ. ಹಾಗೆಂದು ಸೋಪನ್ನು ಅಕ್ಕಿಯ ಡಬ್ಬಕ್ಕೆ ಹಾಕಿಹೋಗಬೇಡಿ, ಅದನ್ನೂ ನೋಡಿದ್ದೇನೆ.

ಕೈಜಾರಿ ಬಾಟಲಿ ಒಡೆದರೆ ಓಡಬೇಡಿ. ಕೂಡಲೇ ಹೇಳಿದರೆ ಗಾಜು ಪಕ್ಕದ ತಟ್ಟೆಗೆ ಸಿಡಿದಿದೆಯೇ ಎಂದು ನೋಡುತ್ತಾರೆ. ಹೇಳದಿದ್ದರೆ ಆ ಸಾಲಿನ ತೆರೆದ ಪದಾರ್ಥವನ್ನೆಲ್ಲ ಅನುಮಾನಕ್ಕೇ ಎಸೆಯಬೇಕಾಗುತ್ತದೆ.

6. ಬೆಲೆ ಇಳಿಸಿದ ಕಪಾಟು, ಒಂದಕ್ಕೊಂದು ಉಚಿತ

ಕೆಲವು ಅಂಗಡಿಗಳಲ್ಲಿ ದಿನಾಂಕ ಹತ್ತಿರ ಬಂದದ್ದನ್ನು ಬೇರೆ ಇಟ್ಟು ಬೆಲೆ ಇಳಿಸಿರುತ್ತಾರೆ. ಅದರ ಮುಂದೆ ನಿಲ್ಲುವುದು ಅವಮಾನವೆಂದು ತಿಳಿಯುವವರಿದ್ದಾರೆ. ನಾನು ಮೊದಲು ಹೋಗುವುದೇ ಅಲ್ಲಿಗೆ. ಎರಡು ದಿನದಲ್ಲಿ ತಿಂದು ಮುಗಿಸುತ್ತೀರಾದರೆ ಧಾರಾಳವಾಗಿ ಕೊಳ್ಳಿ, ಅಗ್ಗವಾಗಿದೆ ಎಂಬುದೊಂದೇ ಕಾರಣವಾದರೆ ಬಿಡಿ. ಆಗ ಡಂಪ್ ಅಂಗಡಿಯಿಂದ ನಿಮ್ಮ ಮನೆಗೆ ಬಂದಂತಾಗುತ್ತದೆ, ಅದೂ ನಿಮ್ಮದೇ ದುಡ್ಡಿನಲ್ಲಿ.

ಒಂದು ಕೊಂಡರೆ ಒಂದು ಉಚಿತ ಎಂದಾಗ ಎರಡರ ದಿನಾಂಕವನ್ನೂ ನೋಡಿ. ದೊಡ್ಡ ಪ್ಯಾಕೆಟ್ ಅಗ್ಗವೋ ಚಿಕ್ಕದೋ ಎಂಬ ಗೊಂದಲಕ್ಕೆ, ಪ್ಯಾಕೆಟ್ಟಿನ ಮೇಲೆಯೇ ಗ್ರಾಂ ಅಥವಾ ಕಿಲೊ ಲೆಕ್ಕದ ದರ ಅಚ್ಚಾಗಿರುತ್ತದೆ. ದೊಡ್ಡದರಲ್ಲಿ ಕಾಲು ಭಾಗ ಮುಗ್ಗಿದರೆ ಆ ಉಳಿತಾಯ ಲೆಕ್ಕಕ್ಕಿಲ್ಲ.

ಉಳಿದದ್ದನ್ನು ಬಡವರಿಗೆ ಕೊಡಬಾರದೆ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಕೊಡಬಹುದು. ಫ್ರಾನ್ಸಿನಲ್ಲಿ 2016ರ ಕಾನೂನು 400 ಚದರ ಮೀಟರಿಗಿಂತ ದೊಡ್ಡ ಸೂಪರ್‌ಮಾರ್ಕೆಟ್ಟುಗಳು ತಿನ್ನಲು ಯೋಗ್ಯವಾದ ಆಹಾರವನ್ನು ಬೇಕೆಂದೇ ಹಾಳುಮಾಡುವುದನ್ನು ನಿಷೇಧಿಸಿ, ಸೇವಾಸಂಸ್ಥೆಗಳೊಡನೆ ದಾನದ ಒಪ್ಪಂದ ಮಾಡಿಕೊಳ್ಳುವಂತೆ ಮಾಡಿತು. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ 2019ರಲ್ಲಿ ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ಹಂಚಿಕೆಗೆ ನಿಯಮಗಳನ್ನು ತಂದಿದೆ. ಸುರಕ್ಷಿತವಾದದ್ದನ್ನು ಸೇವಾಸಂಸ್ಥೆಗಳಿಗೆ ಕೊಡಲು ಅದರಲ್ಲಿ ದಾರಿಯಿದೆ. ಆದರೆ ಕೊಡಬೇಕಾದರೆ ಅದು ಸುರಕ್ಷಿತವಾಗಿರಬೇಕು. ಗೋಧಿಹಿಟ್ಟಿನ ಹಿಂದೆ ಬಚ್ಚಿಟ್ಟ ಪನೀರನ್ನು ಯಾರಿಗೂ ಕೊಡುವಂತಿಲ್ಲ. ನಿಮ್ಮ ಬಡಾವಣೆಯ ಅಂಗಡಿಯವರನ್ನು ಉಳಿದ ತರಕಾರಿಯನ್ನು ಏನು ಮಾಡುತ್ತೀರಿ ಎಂದು ಒಮ್ಮೆ ವಿಚಾರಿಸಿ. ಗ್ರಾಹಕರು ಕೇಳಿದ ಪ್ರಶ್ನೆ ಮೇಲಿನವರವರೆಗೆ ತಲುಪುತ್ತದೆ, ಸಿಬ್ಬಂದಿ ಕೇಳಿದ್ದು ತಲುಪುವುದಿಲ್ಲ.

7. ಬಾಗಿಲಿಗೇ ತರಿಸುವವರಿಗೆ

ಮೊಬೈಲಿನಲ್ಲಿ ತರಿಸಿಕೊಳ್ಳುವವರು ಬೆಂಡೆಕಾಯಿ ಮುರಿಯಲಾರರು, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಅನಗತ್ಯವಾಗಿ ವಾಪಸು ಕಳಿಸಿದ ಮೊಸರು ಮತ್ತೆ ಕಪಾಟು ಸೇರುವುದು ಕಷ್ಟ. ಮನೆಯಲ್ಲಿ ಯಾರಾದರೂ ಇರುವ ಹೊತ್ತಿಗೆ ತರಿಸಿ, ಬಂದ ಕೂಡಲೇ ದಿನಾಂಕ ನೋಡಿ. ಆನ್‌ಲೈನ್ ಮಾರಾಟಗಾರರು ತಲುಪಿಸುವ ವೇಳೆಗೆ ಪದಾರ್ಥದ ಬಾಳಿಕೆಯಲ್ಲಿ ಕನಿಷ್ಠ ಶೇ 30ರಷ್ಟು ಅಥವಾ ಅವಧಿ ಮುಗಿಯಲು 45 ದಿನ ಉಳಿದಿರುವಂತೆ ನೋಡಿಕೊಳ್ಳಬೇಕೆಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರಿನಲ್ಲಿ ಸೂಚಿಸಿದೆ. ಹಾಗಿಲ್ಲದಿದ್ದರೆ ಜಗಳ ಮಾಡಬೇಕಾದದ್ದು ಕಂಪನಿಯ ಜೊತೆ, ಮೂರು ಮಹಡಿ ಹತ್ತಿ ಬಂದ ಹುಡುಗನ ಜೊತೆಯಲ್ಲ.

8. ಮನೆಗೆ ಬಂದ ಮೇಲೆ

ಮೊದಲು ಫ್ರೀಜರಿನದು, ಆಮೇಲೆ ಹಾಲು ಮೊಸರು, ಕೊನೆಗೆ ತರಕಾರಿ. ಚಪ್ಪಲಿ ಬಿಡುವ ಮುನ್ನವೇ ಇಷ್ಟನ್ನು ಮಾಡಿ ಎಂದು ಹೇಳುತ್ತಿದ್ದೆ, ಆದರೆ ಅಡುಗೆಮನೆಗೆ ಚಪ್ಪಲಿಯಲ್ಲಿ ಹೋಗುವುದಕ್ಕೆ ನಮ್ಮ ಮನೆಗಳಲ್ಲಿ ಒಪ್ಪುವುದಿಲ್ಲ.

ಅಂಗಡಿಯ ನಿಯಮವನ್ನೇ ನಿಮ್ಮ ಫ್ರಿಜ್ಜಿಗೂ ತನ್ನಿ: ಹಳೆಯದು ಮುಂದೆ, ಹೊಸದು ಹಿಂದೆ. ಮನೆಯಲ್ಲಿ ಇದಕ್ಕೆ ತದ್ವಿರುದ್ಧ ನಡೆಯುತ್ತದೆ. ಹೊಸ ಕ್ಯಾರೆಟ್ಟನ್ನು ಹಳೆಯದರ ಮೇಲೆ ಸುರಿಯುತ್ತೇವೆ, ಹದಿನೈದು ದಿನದ ಮೇಲೆ ತಳದಲ್ಲಿ ಗಡ್ಡ ಬಿಟ್ಟ ಒಂದು ಕ್ಯಾರೆಟ್ ಸಿಗುತ್ತದೆ. ಕೊತ್ತಂಬರಿ ಸೊಪ್ಪನ್ನು ತೊಳೆಯದೆ, ಬೇರು ಕತ್ತರಿಸಿ, ಒಣಗಿದ ಹತ್ತಿ ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ ಡಬ್ಬಿಯಲ್ಲಿಡಿ. ಬಾಳೆಹಣ್ಣು ಹೊರಗಿರಲಿ, ಸೇಬು ಮತ್ತು ಮಾಗಿದ ಮಾವಿನಿಂದ ದೂರವಿರಲಿ. ಇವು ಬಿಡುವ ಎಥಿಲೀನ್ ಅನಿಲ ಪಕ್ಕದ ಹಣ್ಣುಗಳನ್ನೂ ಬೇಗ ಹಣ್ಣಾಗಿಸುತ್ತದೆ. ಆಲೂಗಡ್ಡೆ, ಈರುಳ್ಳಿ ಎರಡಕ್ಕೂ ಗಾಳಿ, ಕತ್ತಲೆ ಬೇಕು, ಆದರೆ ಒಂದೇ ಬುಟ್ಟಿಯಲ್ಲಿ ಬೇಡ.

ವಾರದಲ್ಲಿ ಒಂದು ದಿನ ಅಂಗಡಿಗೆ ಹೋಗದೆ ಇರುವುದನ್ನೇ ಅಡುಗೆ ಮಾಡಿ. ನಮ್ಮ ಮನೆಯಲ್ಲಿ ಅದು ಗುರುವಾರ. ಅರ್ಧ ಮೂಲಂಗಿ, ನಾಲ್ಕು ಬೀನ್ಸ್, ಒಂದು ನವಿಲುಕೋಸು ಎಲ್ಲ ಸೇರಿ ಒಂದು ಹುಳಿಯಾಗುತ್ತದೆ, ಅಥವಾ ಚಪಾತಿಗೆ ಸಾಗು. ಅಮ್ಮ ಮುರಿದು ತಂದ ಬಲಿತ ಬೆಂಡೆಕಾಯಿ ಉಳಿದಿದ್ದರೆ ಬೇರೆ ಹುರಿದು ಗೊಜ್ಜು ಮಾಡುತ್ತೇವೆ. ಹುಣಸೆಹುಳಿಯೂ ಬೆಲ್ಲವೂ ಬಿದ್ದು ಕುದಿಯುವಾಗ, ಅದರ ತುದಿ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.